ಎಂಟು ಸುತ್ತು ಬಿಳಿ ಟೇಪು

ಹೋದ ಯುಗಾದಿಗೆ ನನ್ನ ಮಗ ಮನೆಗೊಂದು ಥರ್ಮಾಮೀಟರು ಕಳಿಸಿದ. ನೋಡುವುದಕ್ಕೆ ಮಕ್ಕಳಾಟದ ಪಿಸ್ತೂಲಿನ ಹಾಗಿದೆ. ಯಾವುದರ ಕಡೆಗೆ ಗುರಿಯಿಟ್ಟು ಗುಂಡಿ ಒತ್ತಿದರೂ ಸಾಕು, ಮುಟ್ಟಬೇಕಾದ್ದಿಲ್ಲ, ಅದೆಷ್ಟು ಬಿಸಿಯಾಗಿದೆ ಎಂದು ಅಂಕಿ ಮೂಡುತ್ತದೆ. ದೋಸೆಯ ಕಾವಲಿ ಹದವಾಗಿ ಕಾದಿದೆಯೋ ಇಲ್ಲವೋ ನೋಡಲು ಅಮ್ಮನಿಗೆ ಅನುಕೂಲವಾಗಲಿ ಎಂಬುದು ಅವನ ಆಸೆ. ಅವನ ಅಮ್ಮ, ಅಂದರೆ ನನ್ನ ಹೆಂಡತಿ ವತ್ಸಲ, ನಲವತ್ತು ವರ್ಷದಿಂದ ಕಾವಲಿಗೆ ನಾಲ್ಕು ಹನಿ ನೀರು ಚಿಮುಕಿಸಿ ಅದು ಚುಂಯ್ ಎನ್ನುವ ಸದ್ದಿನಲ್ಲೇ ಎಲ್ಲವನ್ನೂ ತಿಳಿದುಕೊಳ್ಳುವವಳು. ಪಿಸ್ತೂಲನ್ನು ಒಮ್ಮೆ ಹಿಂದೆ ಮುಂದೆ ತಿರುಗಿಸಿ ನೋಡಿ, ಚೆನ್ನಾಗಿದೆ ಎಂದು ಫೋನಿನಲ್ಲಿ ಮಗನಿಗೆ ಹೇಳಿ, ಚಮಚಗಳ ಡ್ರಾಯರಿನೊಳಗೆ ಹಾಕಿಬಿಟ್ಟಳು. ಅಲ್ಲಿಂದ ಅದು ನನ್ನ ಕೈಗೆ ಬಂತು.

ನಿವೃತ್ತನಾದ ಗಂಡಸಿನ ಕೈಗೆ ಇಂಥದ್ದೊಂದು ಸಿಕ್ಕರೆ ಮನೆಯವರ ಪಾಡು ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ವಾರ ಕಾಫಿಯ ಲೋಟ, ಕುಕ್ಕರಿನ ಮುಚ್ಚಳ, ಕಿಟಕಿಯ ಗಾಜು, ಹಿತ್ತಲಿನ ಬೇಲಿಯ ಮೇಲೆ ಬಿಸಿಲು ಕಾಯಿಸುವ ಪಕ್ಕದ ಮನೆಯ ಬೆಕ್ಕು, ಎಲ್ಲದರ ಶಾಖವನ್ನೂ ಅಳೆದೆ. ಬೆಕ್ಕಿನ ಬೆನ್ನು ಕಿಟಕಿಯ ಗಾಜಿಗಿಂತ ಬಿಸಿಯಾಗಿದೆ ಎಂಬ ವಿಷಯವನ್ನು ವತ್ಸಲಳಿಗೆ ಗಂಭೀರವಾಗಿಯೇ ತಿಳಿಸಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ಒಂದು ಕ್ಷಣ ನೋಡಿದಳು, ಮತ್ತೆ ಸೊಪ್ಪು ಬಿಡಿಸತೊಡಗಿದಳು.

ಶಾಖ ಅಳೆಯುವುದು ನನಗೆ ಹೊಸ ಹುಚ್ಚೇನಲ್ಲ. ಮೈಸೂರಿನ ನಮ್ಮ ಮನೆಯ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇತ್ತು. ಅದರ ಕೆಳಗೆ ತೆಂಗಿನ ಗರಿ, ಮಟ್ಟೆ ತುರುಕಿ ಉರಿ ಹಾಕುವುದು ಅಜ್ಜಿಯ ಕೆಲಸ. ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಮೊಣಕೈಯನ್ನು ನೀರಿಗೆ ಅದ್ದಿ, ಇದು ತಾತನಿಗೆ ಆಯಿತು, ಇದು ಇನ್ನೂ ನಿನ್ನ ಅಪ್ಪನಿಗೆ ಆಗಲಿಲ್ಲ ಎಂದು ಆಕೆ ತೀರ್ಪು ಕೊಡುತ್ತಿದ್ದರು. ಇಂಜಿನಿಯರಿಂಗ್ ಓದುವಾಗ ಒಮ್ಮೆ ನಾನು ಕಾಲೇಜಿನ ಲ್ಯಾಬಿನಿಂದ ಪಾದರಸದ ಥರ್ಮಾಮೀಟರೊಂದನ್ನು ಎರವಲು ತಂದು, ಅಜ್ಜಿಗೆ ವಿಜ್ಞಾನ ತೋರಿಸಲು ಹೋಗಿ, ಹಂಡೆಯ ಕಂಠಕ್ಕೆ ತಗುಲಿಸಿ ಒಡೆದುಬಿಟ್ಟೆ. ಪಾದರಸ ನೀರಿನ ತಳಕ್ಕೆ ಹೋಯಿತು. ಆಕೆ ಹಂಡೆಯ ನೀರನ್ನೆಲ್ಲ ಹೊರಗೆ ಚೆಲ್ಲಿಸಿ, ಹುಣಸೆಹಣ್ಣು ಹಾಕಿ ಮೂರು ಸಲ ನನ್ನ ಕೈಯಿಂದಲೇ ಉಜ್ಜಿಸಿದರು. ಅಂದು ಇಡೀ ಮನೆ ತಣ್ಣೀರು ಸ್ನಾನ ಮಾಡಿತು.

ಅಂಥ ನಾನು ಮುಂದೆ ಈ ದೇಶಕ್ಕೆ ಬಂದು ಮೂವತ್ತು ವರ್ಷ ಅದೇ ಕೆಲಸ ಮಾಡಿದೆ. ಕಂಪ್ಯೂಟರಿನ ಚಿಪ್ ತಯಾರಿಸುವ ಕುಲುಮೆಗಳ ಒಳಗೆ ಎಷ್ಟು ಶಾಖವಿದೆ ಎಂದು ಸೆನ್ಸರು ಕೂರಿಸಿ ಅಳೆಯುವುದು. ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೂ ಪತ್ತೆ ಹಚ್ಚುತ್ತಿದ್ದೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ, ಅಂಕಿ ವಿಚಿತ್ರವಾಗಿ ಕಂಡರೆ ಕುಲುಮೆಯನ್ನು ಬಯ್ಯಬೇಡಿ, ಮೊದಲು ನೀವು ಕೂರಿಸಿದ ಸೆನ್ಸರನ್ನು ಪರೀಕ್ಷಿಸಿ ಎಂದು ಪಾಠ ಹೇಳುತ್ತಿದ್ದೆ. ಈಗ ಹೇಳಹೊರಟಿರುವುದು ಆ ಪಾಠವನ್ನು ನಾನು ಮರೆತ ಕತೆ. ಬರೆಯುವುದಕ್ಕೆ ಸಂತೋಷವೇನೂ ಇಲ್ಲ.

ನನ್ನ ಹತ್ತಿರ ಒಂದು ಹಳೆಯ ಕಾರಿದೆ. ಇಂಗ್ಲೆಂಡಿನಲ್ಲಿ ತಯಾರಾದದ್ದು, ಎರಡು ಬಾಗಿಲು, ಎರಡೇ ಸೀಟು, ತಿಳಿಹಸಿರು ಬಣ್ಣ, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕದು. ಹತ್ತಿರದ ಲಾಸ್ ಗ್ಯಾಟೋಸ್ ಊರಿನ ಮೇಷ್ಟರೊಬ್ಬರು ಊರು ಬಿಡುವಾಗ ಮಾರಿದ್ದನ್ನು ಕೊಂಡುಕೊಂಡೆ. ಇಲ್ಲಿಯ ರಸ್ತೆಗೆಂದು ಎಡಗಡೆ ಕೂರಿಸಿದ ಅದರ ಸ್ಟಿಯರಿಂಗಿನ ಪಕ್ಕದಲ್ಲಿ ಇಂಜಿನ್ನಿನ ಶಾಖ ತೋರಿಸುವ ದುಂಡನೆಯ ಗೇಜು ಇದೆ. ಅಂಕಿಗಳಿಲ್ಲ. ತಣ್ಣಗಿದ್ದರೆ ಮುಳ್ಳು ಎಡಗಡೆಯ ‘ಸಿ’ ಅಕ್ಷರದ ಹತ್ತಿರ, ಕುದಿಯುವಷ್ಟಾದರೆ ಬಲಗಡೆಯ ‘ಎಚ್’ ಅಕ್ಷರದ ಹತ್ತಿರ. ಎಲ್ಲ ಸರಿಯಿದ್ದರೆ ನಡುವೆ. ವಾರದ ದಿನಗಳಲ್ಲಿ ಮುಸುಕು ಹೊದ್ದು ಗರಾಜಿನಲ್ಲಿರುತ್ತಿತ್ತು. ಭಾನುವಾರ ಬೆಳಿಗ್ಗೆ ನಾನೂ ಚೆಲುವರಾಜುವೂ ಅದರ ಬಾನೆಟ್ಟು ಎತ್ತಿ ಮೈಕೈಗೆ ಎಣ್ಣೆ ಮೆತ್ತಿಕೊಳ್ಳುತ್ತಿದ್ದೆವು.

ಚೆಲುವರಾಜು ಮಂಡ್ಯದ ಕಡೆಯವನು. ಬೆರ್ರಿಯೆಸಾ ಬಡಾವಣೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ ಅವನ ಮನೆ. ಸಾಫ್ಟ್‌ವೇರಿನವನಾದರೂ ಕೈಯಲ್ಲಿ ಸ್ಪ್ಯಾನರು ಹಿಡಿದಾಗಲೇ ಅವನ ಮುಖ ಅರಳುತ್ತಿದ್ದುದು. ನನ್ನ ಪೂರ್ತಿ ಹೆಸರು ಸೂರ್ಯನಾರಾಯಣ. ಅದನ್ನು ಸೂರಿ ಎಂದು ಮೊಟಕು ಮಾಡಿದವನು ಅವನೇ, ಈ ಊರಿನಲ್ಲಿ ಹಾಗೆ ಕರೆಯುತ್ತಿದ್ದವನೂ ಅವನೊಬ್ಬನೇ. ಅವನ ಹೆಂಡತಿ ಲೀಲಾವತಿ ಮಕ್ಕಳ ಡೇಕೇರಿನಲ್ಲಿ ಕೆಲಸ ಮಾಡುತ್ತಿದ್ದರು. ಮೆಲುದನಿಯ ಹೆಂಗಸು. ನನ್ನನ್ನು ಅಣ್ಣ ಎನ್ನುತ್ತಿದ್ದರು.

ಒಂಬತ್ತು ವರ್ಷದ ಹಿಂದೆ, ಬೇಸಿಗೆಯಲ್ಲಿ, ಅವರ ಮದುವೆಯ ಇಪ್ಪತ್ತೈದನೆಯ ವರ್ಷ ಬಂತು. ಹಸಿರು ಕಾರಿನಲ್ಲಿ ಹೆಂಡತಿಯನ್ನು ಸಾಂಟಾ ಕ್ರೂಜಿನ ಸಮುದ್ರಕ್ಕೆ ಕರೆದುಕೊಂಡು ಹೋಗಬೇಕು, ಒಂದು ದಿನಕ್ಕೆ ಕೊಡುತ್ತೀಯಾ ಎಂದು ಚೆಲುವರಾಜು ಕೇಳಿದ. ಕೊಡುತ್ತೇನೆ ಎಂದೆ. ಹಿಂದಿನ ದಿನ ಕಾರನ್ನು ತೊಳೆದು, ಒರೆಸಿ, ಎಣ್ಣೆ ನೀರು ನೋಡಿದೆ. ಇಂಜಿನ್ನಿನ ಮುಂಭಾಗದಲ್ಲಿ ಶಾಖದ ಸೆನ್ಸರನ್ನು ತಿರುಪಿ ಕೂರಿಸಿರುವ ಜಾಗದಲ್ಲಿ ನೀರು ಹನಿಯುತ್ತಿತ್ತು. ಅದನ್ನೂ ಸರಿಮಾಡಿದೆ. ಒಳ್ಳೆಯ ಸ್ಥಿತಿಯಲ್ಲಿ ಕೊಟ್ಟೆನೆಂಬ ಹೆಮ್ಮೆ ನನಗಿತ್ತು.

ಲಾಸ್ ಗ್ಯಾಟೋಸ್ ದಾಟಿದ ಮೇಲೆ ಹದಿನೇಳನೆಯ ಹೆದ್ದಾರಿ ಬೆಟ್ಟ ಏರುತ್ತದೆ. ತಿರುವಿನ ಮೇಲೆ ತಿರುವು, ಮೈಗೆ ಒರೆಸಿಕೊಂಡಂತೆ ಹಾದುಹೋಗುವ ಗಾಡಿಗಳು. ಆ ಏರಿನಲ್ಲಿ ಇಂಜಿನ್ನು ಕುದಿದು, ಬಾನೆಟ್ಟಿನ ಸಂದಿಯಿಂದ ಬಿಳಿ ಆವಿ ನುಗ್ಗಿ, ಕಾರು ನಿಂತುಹೋಯಿತು. ಫೋನು ಬಂದಾಗ ನಾನು ಪಾಲೋ ಆಲ್ಟೋದಲ್ಲಿ ಏನೋ ಕೆಲಸದ ಮೇಲಿದ್ದೆ. ಅಲ್ಲಿಂದ ಬಿಟ್ಟು, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಅವರನ್ನು ತಲುಪುವಾಗ ಎರಡು ಗಂಟೆಯ ಮೇಲಾಗಿತ್ತು. ಕೆಟ್ಟ ಗಾಡಿ ಎಳೆದೊಯ್ಯುವ ಟೋ ಲಾರಿ ಆಗತಾನೇ ಬಂದಿತ್ತು.

ನಾನು ನೆಟ್ಟಗೆ ಬಾನೆಟ್ಟಿನ ಹತ್ತಿರ ಹೋದೆ. ಆ ಇಬ್ಬರ ಮುಖ ನೋಡಿದ್ದು ಆಮೇಲೆ. ಇಂಜಿನ್ನಿನ ತಲೆಭಾಗ ಶಾಖಕ್ಕೆ ಸೊಟ್ಟಗಾಗಿರಬೇಕು ಎಂಬುದು ವಾಸನೆಯಲ್ಲೇ ಗೊತ್ತಾಯಿತು. ಮುಳ್ಳು ನೋಡಲಿಲ್ಲವೇ ಎಂದು ಕೇಳಿದೆ. ಪ್ರತಿ ತಿರುವಿನಲ್ಲೂ ನೋಡಿದೆ, ನಡುವೆಯೂ ಬಂದಿರಲಿಲ್ಲ ಎಂದ. ಇಂಜಿನ್ನು ಕುದಿಯುವಾಗ ಮುಳ್ಳು ಕೆಳಗಿರಲು ಹೇಗೆ ಸಾಧ್ಯ ಎಂದೆ. ಅದು ನನಗೇನು ಗೊತ್ತು, ಕಂಡದ್ದನ್ನು ಹೇಳುತ್ತಿದ್ದೇನೆ ಎಂದ. ಆಗ ಲೀಲಾವತಿ ಒಂದು ಹೆಜ್ಜೆ ಮುಂದೆ ಬಂದರು.

“ಅಣ್ಣ, ನಾನೂ ನೋಡ್ತಾನೇ ಇದ್ದೆ. ಮುಳ್ಳು ಅರ್ಧಾನೂ ದಾಟಿರ್ಲಿಲ್ಲ.”

“ನಿಮಗೆ ಇದೆಲ್ಲ ಗೊತ್ತಾಗಲ್ಲ ಲೀಲಾ ಅವ್ರೇ,” ಎಂದೆ. ಅವನ ಕಡೆ ತಿರುಗಿ, “ನೋಡ್ಲಿಲ್ಲ ಅಂತ ಒಪ್ಕೋ. ಸುಳ್ಳು ಯಾಕೆ ಹೇಳ್ತೀಯ? ಹೆಂಡ್ತಿ ಕೈಲೂ ಯಾಕೆ ಹೇಳಿಸ್ತೀಯ?” ಎಂದೆ.

ಈ ಮಾತನ್ನು ಮೃದು ಮಾಡಿ ಬರೆಯಬಹುದೇನೋ ಎಂದು ಎರಡು ದಿನ ಯೋಚಿಸಿದೆ. ಆಡಿದ್ದು ಹೀಗೆಯೇ.

ಅವರಿಬ್ಬರನ್ನೂ ನನ್ನ ಇನ್ನೊಂದು ಕಾರಿನಲ್ಲಿ ಮನೆಗೆ ಬಿಟ್ಟೆ. ರಿಪೇರಿ ನಾನು ಮಾಡಿಸಿಕೊಡುತ್ತೇನೆ ಎಂದು ಅವನು ಮರುದಿನ ಮೆಸೇಜು ಕಳಿಸಿದ. ಅಗತ್ಯವಿಲ್ಲ ಎಂದು ಉತ್ತರ ಕೊಟ್ಟೆ. ಅಲ್ಲಿಗೆ ನಮ್ಮ ಭಾನುವಾರಗಳು ಮುಗಿದವು.

ವರ್ಕ್‌ಶಾಪಿನವರು ಇಂಜಿನ್ನು ಬಿಚ್ಚಿ, ಸೊಟ್ಟಗಾದ ತಲೆಭಾಗವನ್ನು ಮಟ್ಟಸ ಮಾಡಿಸಿ, ತೆರೆಯದೆ ಕಚ್ಚಿಕೊಂಡು ನೀರಿನ ದಾರಿ ತಡೆದಿದ್ದ ಥರ್ಮೋಸ್ಟಾಟು ಬದಲಿಸಿ, ಮಿಕ್ಕ ಭಾಗಗಳನ್ನು ಇದ್ದ ಹಾಗೆ ಜೋಡಿಸಿಕೊಟ್ಟರು. ಆಮೇಲೆ ಗೇಜಿನ ಮುಳ್ಳು ಯಾವಾಗಲೂ ನಡುವಿಗಿಂತ ಕೆಳಗೇ ಇರುತ್ತಿತ್ತು. ಇಂಜಿನ್ನು ಈಗ ಎಷ್ಟು ತಂಪಾಗಿ ಓಡುತ್ತದೆ ನೋಡಿ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ. ಹೌದು, ನಾನೇ, ಶಾಖ ಅಳೆಯುವುದರಲ್ಲಿ ಮೂವತ್ತು ವರ್ಷ ಸವೆಸಿದವನು. ಓಡಿಸುವುದು ಮಾತ್ರ ಕಡಿಮೆಯಾಗುತ್ತ ಹೋಯಿತು. ಜೊತೆಗೆ ಕೂರುವವರಿಲ್ಲದಿದ್ದರೆ ಎರಡು ಸೀಟಿನ ಕಾರು ಬಹಳ ದೊಡ್ಡದಾಗಿ ಕಾಣುತ್ತದೆ.

ವಾಕಿಂಗಿಗೆ ಬೇರೆ ಬೀದಿ ಹಿಡಿದೆ. ಗ್ರೋಸರಿ ಅಂಗಡಿಯಲ್ಲಿ ಅವನು ಕಂಡರೆ ಅಕ್ಕಿಯ ಮೂಟೆಗಳ ಸಾಲಿನ ಹಿಂದೆ ನಿಲ್ಲುತ್ತಿದ್ದೆ. ಹೆಂಗಸರು ಹೀಗೆ ಮಾಡಲಿಲ್ಲ. ವತ್ಸಲ, ಲೀಲಾವತಿ ನಮ್ಮನ್ನು ಕೇಳದೆಯೇ ತಮ್ಮ ಸ್ನೇಹ ಉಳಿಸಿಕೊಂಡರು. ಲೀಲಾವತಿಗೆ ಕಾಯಿಲೆ ಕಾಣಿಸಿಕೊಂಡಾಗ ವತ್ಸಲ ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗುತ್ತಿದ್ದಳು. ಕರೆದೊಯ್ಯುತ್ತಿದ್ದವನು ನಾನೇ. ಅವಳು ಮೇಲೆ ಹೋಗಿ ಬರುವವರೆಗೆ ಪಾರ್ಕಿಂಗ್ ಲಾಟಿನಲ್ಲಿ ಕುಳಿತು ರೇಡಿಯೊ ಕೇಳುತ್ತಿದ್ದೆ. ಒಂದು ಸಲ ಲಿಫ್ಟಿನವರೆಗೂ ಹೋಗಿದ್ದೆ. ಅದರ ಬಾಗಿಲು ತೆರೆಯಿತು, ಮುಚ್ಚಿತು, ನಾನು ವಾಪಸು ಬಂದೆ. ಅವರು ತೀರಿಕೊಂಡು ಮೂರು ವರ್ಷವಾಯಿತು. ವೈಕುಂಠ ಸಮಾರಾಧನೆಯ ದಿನ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಚೆಲುವರಾಜು ಎಲ್ಲರಿಗೂ ಕೈ ಮುಗಿದ ಹಾಗೆ ನನಗೂ ಮುಗಿದ.

ಈಗ ಮತ್ತೆ ಮಗ ಕಳಿಸಿದ ಪಿಸ್ತೂಲಿಗೆ ಬರುತ್ತೇನೆ. ಮನೆಯಲ್ಲಿ ಅಳೆಯಲು ಏನೂ ಉಳಿಯದಿದ್ದಾಗ, ಒಂದು ಶನಿವಾರ ಬೆಳಿಗ್ಗೆ ಕಾರಿನ ಮುಸುಕು ತೆಗೆದು, ಡ್ರೈವ್‌ವೇಗೆ ತಂದು, ಅರ್ಧ ಗಂಟೆ ಇಂಜಿನ್ನು ಓಡಲು ಬಿಟ್ಟು, ಅದರ ನೀರಿನ ಕೊಳವೆಯ ಬುಡಕ್ಕೆ ಗುರಿಯಿಟ್ಟೆ. ಇನ್ನೂರ ಎಂಟು ಡಿಗ್ರಿ ಫ್ಯಾರನ್‌ಹೀಟ್. ಇನ್ನು ನಾಲ್ಕು ಡಿಗ್ರಿ ಏರಿದರೆ ಅನ್ನಕ್ಕೆ ಎಸರು ಕುದಿಯುತ್ತದೆ. ಒಳಗೆ ಬಗ್ಗಿ ಗೇಜು ನೋಡಿದೆ. ಮುಳ್ಳು ನಡುವಿಗಿಂತ ಒಂದು ಬೆರಳು ಕೆಳಗೆ, ಆರಾಮವಾಗಿ ಕುಳಿತಿತ್ತು.

ಮೊದಲು ಗೇಜನ್ನೇ ದೂರಿದೆ. ವಯಸ್ಸಾಯಿತು, ಮುಳ್ಳು ಸೋತಿದೆ ಎಂದುಕೊಂಡೆ. ಆಮೇಲೆ ತಂತಿಯ ಮೇಲೆ ಅನುಮಾನ ಬಂತು. ತುದಿಯಿಂದ ತುದಿಗೆ ಮೀಟರು ಹಿಡಿದು ನೋಡಿದೆ, ತಂತಿ ಸರಿಯಿತ್ತು. ಉಳಿದದ್ದು ಸೆನ್ಸರು. ಇಂಜಿನ್ನು ಆರಿದ ಮೇಲೆ ಅದನ್ನು ತಿರುಪಿ ಹೊರಗೆ ತೆಗೆದು, ಅದರ ತಂತಿಯನ್ನು ಹಾಗೇ ಬಿಟ್ಟು, ಲೋಹದ ಮೈಗೆ ಇನ್ನೊಂದು ತಂತಿ ಸಿಕ್ಕಿಸಿ, ಅದರ ಮತ್ತೊಂದು ತುದಿಯನ್ನು ಇಂಜಿನ್ನಿಗೆ ಕಚ್ಚಿಸಿದೆ. ಈ ಸೆನ್ಸರಿಗೆ ತನ್ನ ಮೈ ಇಂಜಿನ್ನಿನ ಲೋಹಕ್ಕೆ ತಗುಲಿಕೊಂಡಿರಲೇಬೇಕು. ಆ ದಾರಿಯಲ್ಲೇ ಕರೆಂಟು ಹರಿಯುವುದು. ಸರಿಯಾಗಿ ತಗುಲದಿದ್ದರೆ ಎಷ್ಟೇ ಬಿಸಿಯಾದರೂ ಮುಳ್ಳು ಪೂರ್ತಿ ಮೇಲೇಳುವುದಿಲ್ಲ. ಪಾತ್ರೆಯಲ್ಲಿ ಕುದಿಯುವ ನೀರು ತಂದು ಸೆನ್ಸರನ್ನು ಅದರಲ್ಲಿ ಮುಳುಗಿಸಿದೆ. ಮುಳ್ಳು ನಿಧಾನವಾಗಿ ಎದ್ದು, ನಡುವನ್ನು ದಾಟಿ, ‘ಎಚ್’ ಅಕ್ಷರದ ಹತ್ತಿರ ಹೋಗಿ ನಿಂತಿತು.

ಗೇಜು ಸರಿಯಿದೆ. ತಂತಿ ಸರಿಯಿದೆ. ಸೆನ್ಸರೂ ಸರಿಯಿದೆ. ಹಾಗಾದರೆ ಇಂಜಿನ್ನಿನ ಮೇಲೆ ಕೂತಾಗ ಅದಕ್ಕೆ ಏನಾಗುತ್ತದೆ?

ನೀರಿನಿಂದ ಎತ್ತಿ ಬೆಳಕಿಗೆ ಹಿಡಿದೆ. ತಿರುಪಿನ ಹಲ್ಲುಗಳ ತುಂಬ, ನಲ್ಲಿ ರಿಪೇರಿಯವರು ನೀರು ಹನಿಯದಂತೆ ಸುತ್ತುತ್ತಾರಲ್ಲ, ಆ ಬಿಳಿ ಟೇಪು. ಕಂದು ಬಣ್ಣಕ್ಕೆ ತಿರುಗಿತ್ತು, ಆದರೆ ಒಂದೆರಡು ಕಡೆ ಸವೆದದ್ದು ಬಿಟ್ಟರೆ ಹರಿದಿರಲಿಲ್ಲ. ಉಗುರಿನಿಂದ ಬಿಡಿಸುತ್ತ ಎಣಿಸಿದೆ. ಎಂಟು ಸುತ್ತು. ಎರಡು ಸುತ್ತು ಸಾಕಾಗುವ ಕಡೆ ಎಂಟು ಸುತ್ತುವ ಮನುಷ್ಯ ನನಗೆ ಗೊತ್ತಿರುವಂತೆ ಒಬ್ಬನೇ. ಅವನು ಯಾವ ಕೆಲಸವನ್ನೂ ಅರೆಬರೆ ಮಾಡುವುದಿಲ್ಲ ಎಂದು ಆಫೀಸಿನಲ್ಲಿ ಹೆಸರು ಪಡೆದವನು. ನಾನೇ ಅದನ್ನು ಸುತ್ತಿದ ದಿನವೂ ನೆನಪಾಯಿತು. ಅವರ ಪ್ರಯಾಣದ ಹಿಂದಿನ ದಿನ, ಹನಿ ನಿಂತಿತೆಂದು ವತ್ಸಲಳನ್ನು ಕರೆದು ತೋರಿಸಿದ್ದೆ. ಆ ಟೇಪು ಸೆನ್ಸರಿನ ಮೈ ಇಂಜಿನ್ನಿಗೆ ಸರಿಯಾಗಿ ತಗುಲದಂತೆ ತಡೆದಿತ್ತು. ಬೆಟ್ಟ ಏರುವಾಗ ಇಂಜಿನ್ನು ಕುದಿಯುತ್ತಿತ್ತು, ಮುಳ್ಳು ಕೆಳಗೇ ಇತ್ತು. ಅವರಿಬ್ಬರೂ ಕಂಡದ್ದನ್ನೇ ಹೇಳಿದ್ದರು.

ಟೇಪು ಹಿಡಿದು ಗರಾಜಿನ ಮೆಟ್ಟಿಲ ಮೇಲೆ ಕುಳಿತೆ. ವತ್ಸಲ ಊಟಕ್ಕೆ ಕರೆಯಲು ಬಂದಳು. ಅವಳಿಗೆ ಟೇಪು ತೋರಿಸಿ ಎಲ್ಲವನ್ನೂ ಹೇಳಿದೆ. ಅವಳಿಗೆ ಕಣ್ಣು ತುಂಬಿಬಂದದ್ದು ನನಗಾಗಿ ಅಲ್ಲ ಎಂದು ಗೊತ್ತಾಯಿತು.

“ನನಗೆ ಹೇಳಿ ಏನು ಬಂತು ರೀ?” ಎಂದಳು. “ಹೋಗಿ ಅವರಿಗೆ ಹೇಳಿ.”

ಊಟ ಮಾಡದೆಯೇ ಹೊರಟೆ. ಒಂಬತ್ತು ವರ್ಷ ಬಿಟ್ಟಿದ್ದ ಬೀದಿಯಲ್ಲಿ ನಡೆದೆ. ಚೆಲುವರಾಜು ಹಿತ್ತಲಿನಲ್ಲಿ ಅವರೆಯ ಬಳ್ಳಿಗೆ ಕೋಲು ಕಟ್ಟುತ್ತಿದ್ದ. ನನ್ನನ್ನು ಕಂಡು ಅವನಿಗೆ ಆಶ್ಚರ್ಯವಾಯಿತೋ ಇಲ್ಲವೋ, ಬಾ ಎಂದ, ಕುರ್ಚಿ ತೋರಿಸಿದ. ನಾನು ನಿಂತೇ ಹೇಳಿದೆ. ಸೆನ್ಸರು, ಪಾತ್ರೆಯ ನೀರು, ಟೇಪು. ಒಂದು ಕಡೆಯೂ ತಪ್ಪಿಸಿಕೊಳ್ಳಲು ದಾರಿ ಇಟ್ಟುಕೊಳ್ಳಲಿಲ್ಲ. ನೀನು ಸುಳ್ಳು ಹೇಳಿರಲಿಲ್ಲ, ಲೀಲಾವತಿಯವರೂ ಹೇಳಿರಲಿಲ್ಲ, ತಪ್ಪು ನನ್ನದು, ನಿನ್ನನ್ನು ಸುಳ್ಳುಗಾರ ಅಂದವನು ನಾನು ಎಂದೆ. ಅವನು ಕೈಯಲ್ಲಿದ್ದ ಸೆಣಬಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಕೇಳಿಸಿಕೊಂಡ.

“ಮೂರು ವರ್ಷ ತಡ ಮಾಡ್ದೆ ಕಣಯ್ಯ ನೀನು,” ಎಂದ ಕೊನೆಗೆ.

ಲೀಲಾವತಿಯವರು ಹೋಗಿ ಅಷ್ಟೇ ವರ್ಷವಾಗಿತ್ತು. ಅವನೇ ಮುಂದುವರಿಸಿದ. ಆ ಮಾತು ಲೀಲಾವತಿಯವರ ಮನಸ್ಸಿನಿಂದ ಹೋಗಲೇ ಇಲ್ಲವಂತೆ. ಮುಳ್ಳನ್ನು ನಾನು ಸರಿಯಾಗಿ ನೋಡಿದೆನೇ, ಬೇರೆ ಯಾವುದೋ ಗೇಜು ನೋಡಿಬಿಟ್ಟೆನೇ ಎಂದು ಅಡುಗೆ ಮಾಡುತ್ತ ಮಾಡುತ್ತ ಇದ್ದಕ್ಕಿದ್ದಂತೆ ಕೇಳುತ್ತಿದ್ದರಂತೆ. ಮೊದಮೊದಲು ಇಲ್ಲ, ನೀನು ನೋಡಿದ್ದು ಸರಿ ಎಂದು ಇವನು ಸಮಾಧಾನ ಹೇಳುತ್ತಿದ್ದ. ವರ್ಷಗಳು ಹೋದಂತೆ ಇವನಿಗೇ ತನ್ನ ಕಣ್ಣಿನ ಮೇಲೆ ನಂಬಿಕೆ ಅಲ್ಲಾಡಿತು.

“ಒಂದಿನ ರೇಗಿ ಅಂದ್ಬುಟ್ಟೆ. ನಿಂಗೇನ್ ಗೊತ್ತು ಕಾರಿನ್ ವಿಷ್ಯ, ಸುಮ್ನಿರು ಅಂತ.” ಅವನು ದಾರವನ್ನು ನೆಲದ ಮೇಲಿಟ್ಟ. “ನೀನು ಅಂದಿದ್ದನ್ನೇ ನಾನೂ ಅಂದೆ. ಆಮೇಕೆ ಅವ್ಳು ಆ ಮಾತೇ ಎತ್ತಲಿಲ್ಲ.”

ಇಬ್ಬರು ಮುದುಕರು ಕುಳಿತು ಉಳಿದ ಕೋಲುಗಳನ್ನು ಅವರೆಬಳ್ಳಿಗೆ ಕಟ್ಟಿದೆವು. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಳುವಾಗ, ಗಾಡಿ ಈಗ ಓಡುತ್ತದೆಯೇ ಎಂದು ವಿಚಾರಿಸಿದ. ಸೆನ್ಸರು ಕೂರಿಸಿದರೆ ಓಡುತ್ತದೆ ಎಂದೆ. ಭಾನುವಾರ ತೆಗೆದುಕೊಂಡು ಬಾ ಎಂದ.

ಮನೆಗೆ ಬಂದು ತಿರುಪಿನ ಹಲ್ಲುಗಳನ್ನು ತಂತಿಬ್ರಷ್ಷಿನಿಂದ ಉಜ್ಜಿ, ಟೇಪಿಲ್ಲದೆ, ತಾಮ್ರದ ಹೊಸ ವಾಷರು ಹಾಕಿ ಸೆನ್ಸರನ್ನು ಕೂರಿಸಿದೆ. ಇಂಜಿನ್ನು ಕಾದಂತೆ ಮುಳ್ಳು ಎದ್ದು ನಡುವೆ ಬಂದು ನಿಂತಿತು. ಆಗ ಪಿಸ್ತೂಲು ತೋರಿಸಿದ್ದು ನೂರ ತೊಂಬತ್ತು, ಎರಡಕ್ಕೂ ಹೊಂದಿಕೆಯಾಯಿತು. ಅಷ್ಟೇ ಕೆಲಸ. ಹೆಚ್ಚೆಂದರೆ ಇಪ್ಪತ್ತು ನಿಮಿಷ.

ಭಾನುವಾರ ಚೆಲುವರಾಜು ತಾನೇ ಓಡಿಸುತ್ತೇನೆಂದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಲಾಸ್ ಗ್ಯಾಟೋಸ್ ದಾಟಿ ಬೆಟ್ಟ ಏರುವಾಗ ಅವನ ಕಣ್ಣು ರಸ್ತೆಯ ಮೇಲೆ, ನನ್ನ ಕಣ್ಣು ಗೇಜಿನ ಮೇಲೆ. ಏರಿನಲ್ಲಿ ಮುಳ್ಳು ನಡುವನ್ನು ಚೂರು ದಾಟಿತು, ಇಳಿಜಾರಿನಲ್ಲಿ ತಾನಾಗಿ ಕೆಳಗೆ ಬಂತು. ಮೇಲೆ ಹೋದಾಗ, ಹೋಯಿತು ಎಂದು ಹೇಳಿದೆ. ಕಂಡೆ ಎಂದ.

ಸಾಂಟಾ ಕ್ರೂಜಿನಲ್ಲಿ ಮರಳಿಗೆ ಹೋಗುವ ಮೆಟ್ಟಿಲ ಮೇಲೆ ಕಾಗದದ ಲೋಟಗಳಲ್ಲಿ ಕಾಫಿ ಹಿಡಿದು ಕುಳಿತೆವು. ಅಂದಿನಿಂದ ಇಲ್ಲಿಗೆ ಬಂದೇ ಇರಲಿಲ್ಲ ಎಂದ. ಲೀಲಾವತಿ ಮತ್ತೆ ಹೋಗೋಣ ಎಂದು ಕೇಳಲಿಲ್ಲ, ಇವನೂ ಕರೆಯಲಿಲ್ಲ. ಗಾಳಿ ಜೋರಾಗಿತ್ತು. ಅವನು ಸಮುದ್ರ ನೋಡುತ್ತಲೇ ಮಾತಾಡಿದ.

“ಅವತ್ತು ಟೋ ಲಾರಿ ಬರಾಕೆ ಎರಡು ಗಂಟೆ ಆಯ್ತದೆ ಅಂದ್ರು. ರಸ್ತೆ ಪಕ್ಕ ಒಳಗಡೆ ಒಂದು ದೊಡ್ಡ ಮರ ಇತ್ತು. ಅದರ ಬುಡದಲ್ಲಿ ಅವ್ಳ ಶಾಲು ಹಾಸ್ಕೊಂಡು ಕೂತ್ಕೊಂಡ್ವಿ. ಪುಳಿಯೋಗರೆ ಕಟ್ಕೊಂಡ್ ಬಂದಿದ್ಳು, ತಿಂದ್ವಿ. ಮದ್ವೆ ಆದಾಗಿಂದ ನೀವು ನನ್ ಜೊತೆ ಎರಡು ಗಂಟೆ ಬೇರೆ ಕೆಲಸ ಇಲ್ದೆ ಕೂತಿದ್ದು ಇವತ್ತೇ ಅಂತ ನಗಾಡಿದ್ಳು. ಕಾರು ಕೆಟ್ಟಿದ್ದೇ ಒಳ್ಳೇದಾಯ್ತು ಅಂದ್ಳು.” ಅವನು ತಣ್ಣಗಾದ ಕಾಫಿಯನ್ನು ಒಂದು ಗುಟುಕು ಕುಡಿದ. “ನೀನು ಬರೋಗಂಟ ನಾವು ಚೆನ್ನಾಗೇ ಇದ್ವಿ ಕಣಯ್ಯ.”

ಅವನ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೊರಡುವಾಗ ಕಾರಿನ ಕೀಲಿಕೈಯನ್ನು ನನ್ನ ಕೈಗಿಟ್ಟ. “ವಾಪಸ್ಸು ನೀನು ಓಡ್ಸು, ಸೂರಿ. ಬರೋವಾಗ ಆ ಮರ ನೋಡಾಕೆ ಆಗ್ಲಿಲ್ಲ.”

ಮರವಿರುವುದು ನಾವು ಬಂದ ಬದಿಯಲ್ಲಿ. ಹಿಂತಿರುಗುವಾಗ ಅದು ನನ್ನ ಎಡಗಡೆ, ಎದುರುಬದಿಯ ರಸ್ತೆಯ ಆಚೆ ಬರುತ್ತದೆ. ಶಿಖರ ದಾಟಿದ ಮೇಲೆ ನಿಧಾನ ಮಾಡಿದೆ. ಹಿಂದಿನವರು ಹಾರ್ನ್ ಮಾಡಿದರು, ಮಾಡಲಿ ಎಂದು ಬಿಟ್ಟೆ. ತಿರುವು ಹತ್ತಿರ ಬರುತ್ತಿದ್ದಂತೆ ಅವನು ನನ್ನ ಕಡೆಗೆ ವಾಲಿ ಆಚೆಗೆ ನೋಡತೊಡಗಿದ. ನಾನು ಸೀಟಿಗೆ ಬೆನ್ನನ್ನು ಒತ್ತಿಕೊಂಡು, ತಲೆ ಹಿಂದಕ್ಕೆ ಮಾಡಿಕೊಂಡು, ಅವನಿಗೆ ಅಡ್ಡವಾಗದಂತೆ ಕುಳಿತು ಕಾರು ಓಡಿಸಿದೆ.